ಕಂತಿಗೆ ರಜೆ, ಬಡ್ಡಿಗೆ ರಜೆಯಿಲ್ಲ

“ಮೇಷ್ಟ್ರೇ, ಮೊರಟೋರಿಯಂ ಅಂದ್ರೆ ಅಷ್ಟು ದಿನದ ಸಾಲ ಬಿಟ್ಟುಬಿಡ್ತಾರೆ ಅಂತ ತಾನೇ?”

ಪಕ್ಕದ ಮನೆಯ ಅಕ್ಕ ಬೇಲಿಯ ಆಚೆ ನಿಂತು ಕೇಳಿದ ಮಾತು ಇದು. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಬ್ಯಾಂಕಿನಲ್ಲಿ ವಿದ್ಯಾಸಾಲ ಮಂಜೂರಾಗಿದೆ. ಮಂಜೂರಾತಿ ಪತ್ರದಲ್ಲಿ ಈ ಪದವನ್ನು ಕಂಡು, ಓದು ಮುಗಿಯುವ ತನಕ ಯಾವ ಲೆಕ್ಕವೂ ಇಲ್ಲವೆಂದು ಮನೆಯವರೆಲ್ಲ ನೆಮ್ಮದಿಯಾಗಿದ್ದಾರೆ.

“ಬಿಡೋದಿಲ್ಲ ಅಕ್ಕ, ಕಾಯ್ತಾರೆ ಅಷ್ಟೆ. ಕಾದದ್ದಕ್ಕೂ ಬಡ್ಡಿ ಹಾಕ್ತಾರೆ,” ಅಂದೆ.

“ಹಾಗಾದ್ರೆ ಅದನ್ನ ಸೌಲಭ್ಯ ಅಂತ ಯಾಕೆ ಕರೀತಾರೆ?”

ಒಳ್ಳೆಯ ಪ್ರಶ್ನೆ. ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಸಾಲ ಇರುವ ಮನೆಯವರೆಲ್ಲ ಒಮ್ಮೆ ಕೂತು ಯೋಚಿಸಬೇಕಾದ ಸಂಗತಿ ಇದರಲ್ಲಿದೆ.

ಮೊದಲು ಮೂರು ಪದಗಳನ್ನು ಬೇರೆ ಬೇರೆ ಇಡೋಣ. ಸರ್ಕಾರವೋ ಬ್ಯಾಂಕೋ ಸಾಲವನ್ನೇ ಬಿಟ್ಟುಕೊಟ್ಟರೆ ಅದು ಮನ್ನಾ. ಕಂತಿನ ಮೊತ್ತ, ಅವಧಿ, ಬಡ್ಡಿ ದರ ಇವುಗಳನ್ನು ಬದಲಿಸಿ ಹೊಸದಾಗಿ ಲೆಕ್ಕ ಕಟ್ಟಿಕೊಟ್ಟರೆ ಅದು ಮರುಹೊಂದಾಣಿಕೆ. ಕೊಡಬೇಕಾದದ್ದನ್ನೆಲ್ಲ ಹಾಗೇ ಇಟ್ಟು, ಕೊಡುವ ದಿನವನ್ನು ಮಾತ್ರ ಮುಂದಕ್ಕೆ ಹಾಕಿದರೆ ಅದು ಮೊರಟೋರಿಯಂ. ಮೂರರಲ್ಲೂ ಸಾಲಗಾರನಿಗೆ ಉಸಿರಾಡಲು ಸಮಯ ಸಿಗುತ್ತದೆ. ಆದರೆ ಮೊದಲನೆಯದರಲ್ಲಿ ಹೊರೆ ಇಳಿಯುತ್ತದೆ, ಮೂರನೆಯದರಲ್ಲಿ ಏರುತ್ತದೆ. ಮೂರನ್ನೂ ಒಂದೇ ಎಂದು ತಿಳಿದವರು ಮುಂದೆ ಬ್ಯಾಂಕಿನ ಮೇಜಿನ ಎದುರು ಕಣ್ಣೀರು ಹಾಕುವುದನ್ನು ಎಲ್ಲ ಊರುಗಳಲ್ಲೂ ಕಾಣಬಹುದು.

ಪದ ಲ್ಯಾಟಿನ್ನಿನದು. ಆ ಭಾಷೆಯಲ್ಲಿ ‘ಮೋರಾ’ ಎಂದರೆ ತಡ, ‘ಮೊರಾರಿ’ ಎಂದರೆ ತಡಮಾಡು, ‘ಮೊರಟೋರಿಯಸ್’ ಎಂದರೆ ತಡಮಾಡಿಸುವಂಥದ್ದು. ಇಂಗ್ಲಿಷಿಗೆ ಇದು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ನನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡದವರು ಕಟ್ಟುವ ಡೆಮರೇಜ್ ಕೂಡ ಇದೇ ಬೇರಿನ ಪದ. ಅಲ್ಲಿಯೂ ತಡವೇ, ತಡಕ್ಕೆ ದುಡ್ಡೇ.

ರೋಮನ್ ಕಾನೂನಿನಲ್ಲಿ ಈ ತಡಕ್ಕೆ ಬಹಳ ತೂಕವಿತ್ತು. ವಾಯಿದೆ ಮುಗಿದು, ಸಾಲ ಕೊಟ್ಟವನು ಕೇಳಿದ ಮೇಲೂ ಕೊಡದವನು ‘ಮೋರಾ’ದಲ್ಲಿ ಬಿದ್ದ ಎಂದು ಲೆಕ್ಕ. ಬಿದ್ದ ಮೇಲೆ ಅವನ ಪಾಡು ಕಷ್ಟ. ಹಲವು ಬಗೆಯ ಒಪ್ಪಂದಗಳಲ್ಲಿ ಅಂದಿನಿಂದ ಬಡ್ಡಿ ಏರುತ್ತಿತ್ತು. ಕೊಡಬೇಕಾದ ವಸ್ತು ಆಕಸ್ಮಿಕವಾಗಿ ಹಾಳಾದರೂ ನಷ್ಟ ಅವನ ತಲೆಗೇ. ನ್ಯಾಯ ಒಂದೇ ಕಡೆಗಿರಲಿಲ್ಲ. ಸಾಲಗಾರ ಹಣ ತಂದು ಮುಂದಿಟ್ಟಾಗ ಸಾಲ ಕೊಟ್ಟವನು ನೆಪ ಹೇಳಿ ತೆಗೆದುಕೊಳ್ಳದೆ ಹೋದರೆ ತಡದ ದೋಷ ಅವನಿಗೇ ತಗಲುತ್ತಿತ್ತು. ಎರಡೂ ಕಡೆಯ ತಡಕ್ಕೆ ಬೇರೆ ಬೇರೆ ಹೆಸರು, ಬೇರೆ ಬೇರೆ ನಿಯಮ.

ಇದು ಅಪ್ಪಣೆಯಿಲ್ಲದ ತಡದ ಮಾತಾಯಿತು. ಅಪ್ಪಣೆ ಪಡೆದ ತಡವೂ ಇತ್ತು. ಕಷ್ಟದಲ್ಲಿದ್ದ ಸಾಲಗಾರ ಚಕ್ರವರ್ತಿಗೆ ಅರ್ಜಿ ಹಾಕಿ, ಇಷ್ಟು ಕಾಲ ವಸೂಲಿ ಮಾಡಬಾರದು ಎಂಬ ಆಜ್ಞಾಪತ್ರ ತರಬಹುದಿತ್ತು. ಇಂಥ ಪತ್ರ ಸುಮ್ಮನೆ ನಡೆಯುವುದಿಲ್ಲ, ಸಾಲ ತೀರುತ್ತದೆ ಎಂಬುದಕ್ಕೆ ತಕ್ಕ ಜಾಮೀನು ಕೊಟ್ಟರೆ ಮಾತ್ರ ಬೆಲೆ ಎಂದು ಆಮೇಲಿನ ಚಕ್ರವರ್ತಿಗಳು ನಿಯಮ ಮಾಡಿದರು. ಆರನೆಯ ಶತಮಾನದ ಜಸ್ಟಿನಿಯನ್ ಸಂಹಿತೆಯಲ್ಲಿ ಇನ್ನೊಂದು ಏರ್ಪಾಡಿದೆ. ಸಾಲಗಾರನಿಗೆ ಐದು ವರ್ಷ ಗಡುವು ಕೊಡುವುದೋ ಅಥವಾ ಅವನ ಆಸ್ತಿಯನ್ನು ಈಗಲೇ ಹಂಚಿಕೊಳ್ಳುವುದೋ ಎಂದು ಸಾಲ ಕೊಟ್ಟವರೆಲ್ಲ ಸೇರಿ ತೀರ್ಮಾನಿಸಬೇಕು. ಯಾರಿಗೆ ಹೆಚ್ಚು ಹಣ ಬರಬೇಕೋ ಅವರ ಮಾತಿಗೆ ಹೆಚ್ಚು ಬೆಲೆ.

“ಅಂದ್ರೆ ಆ ಕಾಲದಲ್ಲೂ ಗಡುವು ಕೊಟ್ರೆ ಯಾರಾದ್ರೂ ಒಬ್ರು ಹೊರಬೇಕಿತ್ತು,” ಅಂದರು ಅಕ್ಕ.

ಅವರು ಸರಿಯಾದ ಜಾಗವನ್ನೇ ಮುಟ್ಟಿದರು. ಮೋರಾ ಎಂಬ ಪದದಲ್ಲಿ ತಡ ಮಾತ್ರ ಇದೆ. ತಡದ ಖರ್ಚು ಯಾರದು ಎನ್ನುವುದು ಅದರಲ್ಲಿಲ್ಲ. ಆ ಖರ್ಚನ್ನು ಕಾನೂನು ಬೇರೆಯಾಗಿ ಹೇಳಬೇಕು. ಹೇಳದೆ ಹೋದರೆ ಅದು ತಾನಾಗಿಯೇ ಸಾಲಗಾರನ ಹೆಗಲಿಗೆ ಬಂದು ಕೂರುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದೂ ಇಷ್ಟೇ.

ನಮ್ಮ ಸಹಕಾರ ಸಂಘಗಳ ರಿಜಿಸ್ಟರಿನಲ್ಲಿ ಅಪ್ಪಣೆಯಿಲ್ಲದ ತಡಕ್ಕೆ ಸುಸ್ತಿ ಎನ್ನುತ್ತಾರೆ. ಹೊತ್ತಿಗೆ ಕಟ್ಟದವನು ಸುಸ್ತಿದಾರ, ಅವನಿಗೆ ಬೀಳುವುದು ಸುಸ್ತಿ ಬಡ್ಡಿ. ಪಾರಸಿಯಲ್ಲಿ ಸುಸ್ತಿ ಎಂದರೆ ನಿಧಾನ, ಸಡಿಲ. ದಣಿದವನ ಸುಸ್ತು ಕೂಡ ಅಲ್ಲಿಂದಲೇ ಬಂದದ್ದು. ಆದರೆ ಅಪ್ಪಣೆ ಪಡೆದ ತಡ ಸುಸ್ತಿಯಲ್ಲ. ಮೊರಟೋರಿಯಂ ಪಡೆದವನ ಹೆಸರು ಸುಸ್ತಿದಾರರ ಪಟ್ಟಿಗೆ ಹೋಗುವುದಿಲ್ಲ, ದಂಡ ಬೀಳುವುದಿಲ್ಲ, ಕ್ರೆಡಿಟ್ ಸ್ಕೋರ್ ಕೆಡುವುದಿಲ್ಲ. ಸೌಲಭ್ಯ ಎಂದು ಕರೆಯಲು ಕಾರಣ ಇದು. ಈ ಮಟ್ಟಿಗೆ ಅದು ನಿಜವಾದ ಸೌಲಭ್ಯವೇ, ಅಲ್ಲಗಳೆಯಬಾರದು.

ಈ ಪದ ಜನಸಾಮಾನ್ಯರ ಬಾಯಿಗೆ ಬಂದದ್ದು ಯುದ್ಧದಿಂದ. 1914ರ ಜುಲೈ ಕೊನೆಯಲ್ಲಿ ಯುರೋಪಿನಲ್ಲಿ ಯುದ್ಧದ ಮೋಡ ಕವಿದಾಗ ಬೇರೆ ದೇಶಗಳಿಂದ ಲಂಡನ್ನಿಗೆ ಬರಬೇಕಾದ ಹಣ ನಿಂತಿತು. ಜುಲೈ 31ರಂದು ಅಲ್ಲಿನ ಷೇರುಪೇಟೆ ಬಾಗಿಲು ಹಾಕಿತು. ಆಗಸ್ಟ್ 2ರಂದು ರಾಜಾಜ್ಞೆ ಹೊರಟು, ವ್ಯಾಪಾರದ ಹುಂಡಿಗಳ ಪಾವತಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಲಾಯಿತು. ಮರುದಿನವೇ ಪಾರ್ಲಿಮೆಂಟು ಪಾವತಿ ಮುಂದೂಡಿಕೆಯ ಕಾಯ್ದೆಯನ್ನು ಮಾಡಿತು. ಆ ವಾರದಲ್ಲೇ ಇತರ ಸಾಲಗಳಿಗೂ ಅದು ವಿಸ್ತರಿಸಿತು. ಅದರಲ್ಲಿ ಒಂದು ವಿವೇಕದ ಮಾತಿತ್ತು. ಕೂಲಿ, ಸಂಬಳ, ಐದು ಪೌಂಡಿನೊಳಗಿನ ಸಣ್ಣ ಬಾಕಿ ಇವನ್ನು ಮುಂದೂಡುವಂತಿಲ್ಲ ಎಂದು ಹೊರಗಿಟ್ಟಿದ್ದರು. ದೊಡ್ಡವರ ತಡದಿಂದ ಬಡವನ ಒಲೆ ಆರಬಾರದು ಎಂಬ ಎಚ್ಚರ ಅದು. ಗಡುವು ಕೊಡುವ ಕಾನೂನು ಯಾರಿಗೆ ಗಡುವು, ಯಾರ ಹಣಕ್ಕೆ ಗಡುವು ಎಂದು ಬಿಡಿಸಿ ಹೇಳಬೇಕು ಎನ್ನುವುದಕ್ಕೆ ಇದು ಒಳ್ಳೆಯ ಮಾದರಿ.

1931ರ ಜೂನಿನಲ್ಲಿ ಅಮೆರಿಕದ ಅಧ್ಯಕ್ಷ ಹರ್ಬರ್ಟ್ ಹೂವರ್ ದೇಶದೇಶಗಳ ನಡುವಿನ ಯುದ್ಧಸಾಲ ಮತ್ತು ಯುದ್ಧಪರಿಹಾರದ ಹಣಕ್ಕೆ ಒಂದು ವರ್ಷದ ಮೊರಟೋರಿಯಂ ಸೂಚಿಸಿದರು. ಜರ್ಮನಿಯ ಬ್ಯಾಂಕುಗಳು ಕುಸಿಯುತ್ತಿದ್ದ ಕಾಲ ಅದು. ಆ ವರ್ಷ ಮುಗಿದ ಬೆನ್ನಲ್ಲೇ, 1932ರ ಲೊಸಾನ್ ಸಮ್ಮೇಳನದಲ್ಲಿ ಯುದ್ಧಪರಿಹಾರದ ಪದ್ಧತಿಯೇ ಹೆಚ್ಚುಕಡಿಮೆ ಮುಗಿದುಹೋಯಿತು. ದೇಶಗಳಿಗೆ ಗಡುವು ಸಿಕ್ಕಿದರೆ ಒಮ್ಮೊಮ್ಮೆ ಸಾಲವೇ ಕರಗುತ್ತದೆ. ಮನೆಸಾಲ ಪಡೆದ ಗೃಹಸ್ಥನಿಗೆ ಹಾಗಾಗುವುದಿಲ್ಲ.

ನಮ್ಮ ದೇಶದ ಮನೆಮನೆಗೆ ಈ ಪದ ಬಂದದ್ದು 2020ರಲ್ಲಿ. ಕೋವಿಡ್ ಲಾಕ್‌ಡೌನ್ ಶುರುವಾದ ಎರಡು ಮೂರು ದಿನಕ್ಕೆ, ಮಾರ್ಚ್ 27ರಂದು, ರಿಸರ್ವ್ ಬ್ಯಾಂಕು ಎಲ್ಲ ಅವಧಿ ಸಾಲಗಳ ಕಂತನ್ನು ಮೂರು ತಿಂಗಳು ಮುಂದೂಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಮೇ ತಿಂಗಳಲ್ಲಿ ಅದನ್ನು ಆಗಸ್ಟ್ 31ರ ತನಕ ವಿಸ್ತರಿಸಿತು. ಒಟ್ಟು ಆರು ತಿಂಗಳು. ಆ ಅವಧಿಯಲ್ಲಿ ಬಡ್ಡಿ ಸೇರುತ್ತಲೇ ಇರುತ್ತದೆ ಎಂದು ಆದೇಶದಲ್ಲೇ ಬರೆದಿತ್ತು. ಆದರೆ ಜನ ಓದಿದ್ದು ಮೊಬೈಲಿಗೆ ಬಂದ ಎರಡು ಸಾಲಿನ ಸಂದೇಶವನ್ನು.

“ಆರು ತಿಂಗಳ ಬಡ್ಡಿ ತಾನೇ, ಅದರಲ್ಲೇನು ಮಹಾ?” ಅಕ್ಕ ಕೇಳಿದರು.

ಲೆಕ್ಕ ಹಾಕೋಣ. ಹತ್ತು ಲಕ್ಷದ ಮನೆಸಾಲ, ಇಪ್ಪತ್ತು ವರ್ಷ, ವರ್ಷಕ್ಕೆ ಶೇ. 9 ಬಡ್ಡಿ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 8,997 ರೂಪಾಯಿ, ಒಟ್ಟು 240 ಕಂತು. ಸಾಲ ಪಡೆದ ಹೊಸದರಲ್ಲೇ ಆರು ತಿಂಗಳು ಕಟ್ಟದೆ ಬಿಟ್ಟರೆ ಉಳಿಯುವುದು 54 ಸಾವಿರದಷ್ಟು. ಆ ಆರು ತಿಂಗಳಲ್ಲಿ ಅಸಲಿಗೆ ಸೇರುವ ಬಡ್ಡಿ 45,852 ರೂಪಾಯಿ. ಕಂತಿನ ಮೊತ್ತ ಅಷ್ಟೇ ಇರಲಿ, ಅವಧಿ ಬೇಕಾದರೆ ಬೆಳೆಯಲಿ ಎಂದರೆ 240 ಕಂತು 275 ಆಗುತ್ತದೆ. ಬಿಟ್ಟದ್ದು ಆರು ಕಂತು, ಸೇರಿದ್ದು 35 ಕಂತು. ರೂಪಾಯಿಯಲ್ಲಿ ಹೇಳಿದರೆ ಕೊನೆಗೆ ಹೆಚ್ಚಾಗಿ ಕೈಬಿಡುವುದು ಮೂರು ಲಕ್ಷಕ್ಕೂ ಮಿಕ್ಕಿ.

ಅದೇ ಸಾಲಗಾರ, ಅವಧಿ ಬೆಳೆಸಬೇಡಿ, ಕಂತನ್ನೇ ಹೆಚ್ಚಿಸಿ ಎಂದು ಕೇಳಿದರೆ? ಕಂತು 9,410 ರೂಪಾಯಿ ಆಗುತ್ತದೆ, ಅಂದರೆ ತಿಂಗಳಿಗೆ 413 ರೂಪಾಯಿ ಹೆಚ್ಚು. 240 ಕಂತಿಗೆ ಒಟ್ಟು ಹೆಚ್ಚುವರಿ 99 ಸಾವಿರದಷ್ಟು. ಎರಡಕ್ಕೂ ನಡುವೆ ಎರಡು ಲಕ್ಷದ ಅಂತರ. ಒಂದು ಅರ್ಜಿಯಲ್ಲಿ ಒಂದು ಸಾಲು ಬರೆದುಕೊಡುವುದಕ್ಕೂ ಬಿಡುವುದಕ್ಕೂ ಇರುವ ವ್ಯತ್ಯಾಸ ಅಷ್ಟು.

ಇನ್ನೊಂದು ಕಡೆ ನೋಡಿ. ಇದೇ ಸಾಲದಲ್ಲಿ ಇಪ್ಪತ್ತು ಕಂತು ಮಾತ್ರ ಉಳಿದವರು ಆರು ತಿಂಗಳು ಬಿಟ್ಟರೆ ಸೇರುವ ಬಡ್ಡಿ ಸುಮಾರು 7,600 ರೂಪಾಯಿ. ಇಪ್ಪತ್ತು ಕಂತು ಇಪ್ಪತ್ತೊಂದಾಗುತ್ತದೆ, ಅಷ್ಟೆ. ಸಾಲದ ಕೊನೆಯ ಹಂತದಲ್ಲಿರುವವನಿಗೆ ಮೊರಟೋರಿಯಂ ಹೆಚ್ಚು ಭಾರವಲ್ಲ. ಆಗತಾನೆ ಸಾಲ ಮಾಡಿ ಮನೆ ಕಟ್ಟಿದ ಹೊಸ ಸಂಸಾರಕ್ಕೆ ಅದು ಮೂರು ವರ್ಷದ ದುಡಿಮೆ. ಮೊದಲ ವರ್ಷಗಳ ಕಂತಿನಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು ಅಂಗುಲ ಅಂಗುಲವಾಗಿ. ಅಂಥ ಹೊತ್ತಿನಲ್ಲಿ ಆರು ತಿಂಗಳು ನಿಂತರೆ, ಇಳಿಯತೊಡಗಿದ್ದ ಅಸಲು ಮತ್ತೆ ಏರಿಬಿಡುತ್ತದೆ. ಹೊಸ ಸಾಲಕ್ಕೂ ಹಳೆಯ ಸಾಲಕ್ಕೂ ಒಂದೇ ಸಂದೇಶ ಕಳಿಸುವಾಗ ಬ್ಯಾಂಕುಗಳು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದರೆ ಎಷ್ಟೋ ಮಂದಿ ಬೇರೆ ತೀರ್ಮಾನ ಮಾಡುತ್ತಿದ್ದರು.

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಮುಂದೂಡಿದ ಕಂತಿನ ಬಡ್ಡಿಯ ಮೇಲೂ ಬಡ್ಡಿ ಹಾಕುವುದು ಯಾವ ನ್ಯಾಯ ಎಂದು ಸಾಲಗಾರರು ಕೇಳಿದರು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎರಡು ಕೋಟಿಯೊಳಗಿನ ಸಾಲಗಳಿಗೆ ಆ ಆರು ತಿಂಗಳ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ಕಟ್ಟಿಕೊಡುವುದಾಗಿ ಹೇಳಿತು. 2021ರ ಮಾರ್ಚ್ 23ರಂದು ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರ ಪೀಠ ತೀರ್ಪು ಕೊಟ್ಟಿತು. ಸಾಲದ ಮೊತ್ತ ಎಷ್ಟೇ ಇರಲಿ, ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ, ದಂಡಬಡ್ಡಿ ಯಾರಿಗೂ ಹಾಕುವಂತಿಲ್ಲ, ಹಾಕಿದ್ದರೆ ಹಿಂದಿರುಗಿಸಬೇಕು ಅಥವಾ ಹೊಂದಿಸಬೇಕು. ಆದರೆ ಬಡ್ಡಿಯನ್ನು ಪೂರ್ತಿಯಾಗಿ ಬಿಡಿ ಎಂಬ ಬೇಡಿಕೆಯನ್ನು ಕೋರ್ಟು ಒಪ್ಪಲಿಲ್ಲ. ಬ್ಯಾಂಕು ತನ್ನ ಠೇವಣಿದಾರರಿಗೆ ಬಡ್ಡಿ ಕೊಡಲೇಬೇಕಲ್ಲ ಎನ್ನುವುದು ಒಂದು ಮುಖ್ಯ ಕಾರಣ.

“ಅಂತೂ ಗೆದ್ದರು,” ಅಂದರು ಅಕ್ಕ.

ಗೆದ್ದರು, ಆದರೆ ಗೆದ್ದದ್ದೆಷ್ಟು ಎಂದೂ ನೋಡಬೇಕು. ಮೇಲೆ ಹೇಳಿದ ಹತ್ತು ಲಕ್ಷದ ಸಾಲದಲ್ಲಿ ಆರು ತಿಂಗಳ ಬಡ್ಡಿಯ ಮೇಲಿನ ಬಡ್ಡಿ 852 ರೂಪಾಯಿ. ಉಳಿದ 45 ಸಾವಿರ ಹಾಗೇ ಅಸಲಿಗೆ ಸೇರಿತು. ತತ್ವ ದೊಡ್ಡದು, ಅದನ್ನು ಗೌರವಿಸುತ್ತೇನೆ. ಅಪ್ಪಣೆ ಕೊಟ್ಟು ಕಾಯಿಸಿದ ಮೇಲೆ ಕಾದದ್ದಕ್ಕೆ ದಂಡ ಹಾಕಬಾರದು ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದೆ. ಆದರೆ ಸಾಲಗಾರನ ಹೊರೆ ಇರುವುದು ಆ 45 ಸಾವಿರದಲ್ಲಿ. ಅದು ಯಾರದು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ, ನಿನ್ನದೇ ಎಂಬುದು.

ಇದೇ ಪದಕ್ಕೆ ಇನ್ನೊಂದು ಮುಖವೂ ಇದೆ. ಅದನ್ನೂ ತಿಳಿದಿರಬೇಕು. ಬ್ಯಾಂಕೇ ಮುಳುಗುವ ಸ್ಥಿತಿಗೆ ಬಂದಾಗ, 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ನೆಯ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಆ ಬ್ಯಾಂಕಿನ ಮೇಲೆ ಮೊರಟೋರಿಯಂ ಹೇರಬಹುದು. ಆಗ ತಡ ಅನುಭವಿಸುವವನು ಹಣ ಇಟ್ಟವನು. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನಲ್ಲಿ ಹೀಗಾದಾಗ ಖಾತೆಯಿಂದ 50 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಲಕ್ಷ್ಮಿ ವಿಲಾಸ್ ಬ್ಯಾಂಕಿನಲ್ಲಿ ಮಿತಿ 25 ಸಾವಿರ. ಠೇವಣಿದಾರ ಹೀಗೆ ಕೊನೆಯಿಲ್ಲದೆ ಕಾಯಬಾರದೆಂದು 2021ರಲ್ಲಿ ಠೇವಣಿ ವಿಮೆಯ ಕಾಯ್ದೆಗೆ ತಿದ್ದುಪಡಿ ತಂದರು. ಈಗ ಬ್ಯಾಂಕಿನ ಮೇಲೆ ಇಂಥ ನಿರ್ಬಂಧ ಬಿದ್ದರೆ ಐದು ಲಕ್ಷದ ತನಕದ ವಿಮಾ ಹಣ 90 ದಿನದೊಳಗೆ ಸಿಗಬೇಕು. ಇಲ್ಲಿ ಕಾನೂನು ತಡಕ್ಕೆ ಒಂದು ಎಲ್ಲೆ ಹಾಕಿತು. ಮನಸ್ಸಿದ್ದರೆ ಎಲ್ಲೆ ಹಾಕಲು ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಸಾಲಗಾರನ ಬಡ್ಡಿಗೆ ಎಲ್ಲೆ ಹಾಕಿದ ಕಾನೂನು ಇಲ್ಲವೇ? ಇತ್ತು, ಬಹಳ ಹಿಂದೆಯೇ. ಅದರ ಪುಸ್ತಕ ಹೊರಬಿದ್ದದ್ದು ನಮ್ಮ ಮೈಸೂರಿನಲ್ಲೇ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ತಂಜಾವೂರು ಸೀಮೆಯಿಂದ ಬಂದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚುಹಾಕಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ಸಾಲದ ಪ್ರಕರಣವಿದೆ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ ಎನ್ನುತ್ತದೆ ಅದು, ಅಂದರೆ ವರ್ಷಕ್ಕೆ ನೂರಕ್ಕೆ ಹದಿನೈದು. ವ್ಯಾಪಾರಕ್ಕೆ ಹೆಚ್ಚು, ಕಾಡುದಾರಿಯಲ್ಲಿ ಸರಕು ಸಾಗಿಸುವವರಿಗೆ ಇನ್ನೂ ಹೆಚ್ಚು, ಕಡಲ ವ್ಯಾಪಾರಕ್ಕೆ ಎಲ್ಲಕ್ಕಿಂತ ಹೆಚ್ಚು. ಅಪಾಯ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು.

ಅದಾದ ಮೇಲೆ ಬರುವ ಮಾತು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ದೀರ್ಘಕಾಲದ ಯಜ್ಞದಲ್ಲಿ ತೊಡಗಿದವನು, ರೋಗದಿಂದ ಮಲಗಿದವನು, ಗುರುಕುಲದಲ್ಲಿ ಓದುತ್ತಿರುವವನು, ಚಿಕ್ಕ ಮಗು, ಏನೂ ಇಲ್ಲದ ನಿರ್ಗತಿಕ, ಇಂಥವರ ಸಾಲ ಬೆಳೆಯಬಾರದು ಎನ್ನುತ್ತಾನೆ ಕೌಟಿಲ್ಯ. ಬರಿಯ ಮುಂದೂಡಿಕೆಯಲ್ಲ ಇದು, ಬಡ್ಡಿಯೇ ನಿಲ್ಲಬೇಕು ಎಂಬ ಕಟ್ಟಳೆ. ಇನ್ನೂ ಒಂದು ಮಾತಿದೆ. ಬೇಸಾಯದ ಕೆಲಸ ನಡೆಯುವ ಹೊತ್ತಿನಲ್ಲಿ ರೈತನನ್ನು ಸಾಲಕ್ಕಾಗಿ ಹಿಡಿಯಬಾರದು. ಬಿತ್ತನೆಯ ಕಾಲದಲ್ಲಿ ಎಳೆದುಕೊಂಡು ಹೋದರೆ ಸಾಲವೂ ತೀರುವುದಿಲ್ಲ, ಬೆಳೆಯೂ ಬರುವುದಿಲ್ಲ ಎಂಬ ವಿವೇಕ ಅಲ್ಲಿದೆ.

“ಗುರುಕುಲದಲ್ಲಿ ಓದೋ ಹುಡುಗನಿಗೆ ಬಡ್ಡಿ ಇಲ್ಲ ಅಂತಾನಾ? ನಮ್ಮ ಹುಡುಗೀಗೆ ಯಾಕಿಲ್ಲ ಹಾಗಾದ್ರೆ?” ಅಕ್ಕನ ದನಿ ಸ್ವಲ್ಪ ಏರಿತು.

ಇದೆ. ಎಲ್ಲರಿಗೂ ಇಲ್ಲ, ಕೆಲವರಿಗೆ ಇದೆ. ವಿದ್ಯಾಸಾಲದಲ್ಲಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಸಾಮಾನ್ಯವಾಗಿ ಮೊರಟೋರಿಯಂ. ಆ ಅವಧಿಗೆ ಸರಳ ಬಡ್ಡಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದರೆ, ಶೇ. 10ರ ದರದಲ್ಲಿ ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20. ಒಟ್ಟು ಒಂದು ಲಕ್ಷ ನಲವತ್ತು ಸಾವಿರ. ಮೊರಟೋರಿಯಂ ಮುಗಿಯುವ ದಿನ ಹುಡುಗಿಯ ತಲೆಯ ಮೇಲೆ ಇರುವುದು ನಾಲ್ಕು ಲಕ್ಷವಲ್ಲ, ಐದು ಲಕ್ಷ ನಲವತ್ತು ಸಾವಿರ. ಹತ್ತು ವರ್ಷದ ಕಂತು ಹಾಕಿದರೆ ತಿಂಗಳಿಗೆ 5,286ರ ಬದಲು 7,136 ರೂಪಾಯಿ.

ಆದರೆ ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯೊಂದು 2009ರಿಂದ ಇದೆ. ತಾಂತ್ರಿಕ, ವೃತ್ತಿಪರ ಕೋರ್ಸು ಓದುವ, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿರುವ ವಿದ್ಯಾರ್ಥಿಗಳಿಗೆ, ನಿಯಮಕ್ಕೆ ಒಳಪಟ್ಟ ಸಂಸ್ಥೆಯಾದರೆ, ಮೊರಟೋರಿಯಂ ಅವಧಿಯ ಬಡ್ಡಿಯನ್ನು ಸರ್ಕಾರವೇ ಬ್ಯಾಂಕಿಗೆ ಕಟ್ಟುತ್ತದೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎಂಟು ಲಕ್ಷದೊಳಗಿನ ಆದಾಯದವರಿಗೆ ಶೇ. 3ರ ಬಡ್ಡಿ ನೆರವೂ ಇದೆ. ಮೈಸೂರಿನ ತಾಳೆಗರಿಯಲ್ಲಿದ್ದ ಗುರುಕುಲದ ನಿಯಮವೇ ಇದು, ಒಂದು ಒಳ್ಳೆಯ ಬದಲಾವಣೆಯೊಂದಿಗೆ. ಅಲ್ಲಿ ನಷ್ಟ ಸಾಲ ಕೊಟ್ಟವನದು, ಇಲ್ಲಿ ಬೊಕ್ಕಸದ್ದು. ಬ್ಯಾಂಕಿನ ಠೇವಣಿದಾರನಿಗೂ ಪೆಟ್ಟಿಲ್ಲ, ವಿದ್ಯಾರ್ಥಿಗೂ ಹೊರೆಯಿಲ್ಲ. ಇದಕ್ಕೆ ಆದಾಯ ಪ್ರಮಾಣಪತ್ರವನ್ನು ತಹಶೀಲ್ದಾರರ ಕಚೇರಿಯಿಂದ ಪಡೆದು ಬ್ಯಾಂಕಿಗೆ ಕೊಡಬೇಕು. ಎಷ್ಟೋ ಮನೆಗಳಲ್ಲಿ ಈ ಒಂದು ಕಾಗದ ಕೊಡದೆ ಸಹಾಯಧನ ಕೈತಪ್ಪುತ್ತದೆ. ಅಕ್ಕನಿಗೆ ನಾಳೆಯೇ ನಾಡಕಚೇರಿಗೆ ಹೋಗಿ ಎಂದೆ.

ಬಡ್ಡಿ ಮಿತಿಮೀರಬಾರದು ಎಂಬ ಕಟ್ಟಳೆ ಆಮೇಲೂ ಬದುಕಿತ್ತು. ಬಾಕಿ ಬಡ್ಡಿ ಒಂದೇ ಸಲಕ್ಕೆ ಅಸಲನ್ನು ಮೀರಬಾರದು ಎಂಬ ‘ದಾಮ್ ದುಪ್ಪಟ್’ ನಿಯಮವನ್ನು ಬ್ರಿಟಿಷರ ಕಾಲದಲ್ಲಿ ಬಾಂಬೆ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ಮೊಕದ್ದಮೆಗಳಲ್ಲಿ ಪಾಲಿಸುತ್ತಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಆ ಪ್ರಾಂತದಲ್ಲಿದ್ದವು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಇದ್ದ ಮದರಾಸು ಪ್ರಾಂತದಲ್ಲಿ, ರಾಜಾಜಿಯವರ ಸರ್ಕಾರ 1938ರಲ್ಲಿ ರೈತರ ಸಾಲ ಪರಿಹಾರ ಕಾಯ್ದೆ ತಂದಿತು. ಹಳೆಯ ಸಾಲಗಳಿಗೆ 1937ರ ಅಕ್ಟೋಬರ್ 1ರ ತನಕ ಬಾಕಿಯಿದ್ದ ಬಡ್ಡಿ ತೀರಿತು ಎಂದೂ, ಅಸಲಿನ ಎರಡರಷ್ಟನ್ನು ಈಗಾಗಲೇ ಕಟ್ಟಿದ್ದರೆ ಸಾಲವೇ ತೀರಿತು ಎಂದೂ ಅದು ಹೇಳಿತು. ನಮ್ಮ ಅಜ್ಜಂದಿರ ಕಾಲದ ಶಾಸನಕರ್ತರು ದಿನವನ್ನು ಮುಂದೆ ಹಾಕಿದ್ದಷ್ಟೇ ಅಲ್ಲ, ಬಡ್ಡಿಯ ಕೊರಳಿಗೆ ಹಗ್ಗ ಹಾಕಿ ಕಟ್ಟಿಯೂ ಹಾಕಿದ್ದರು.

ಇವತ್ತಿನ ರೈತನ ಪಾಡು ನೋಡಿ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ವಿಕೋಪದಲ್ಲಿ ಬೆಳೆನಷ್ಟ ಶೇ. 33 ಅಥವಾ ಅದಕ್ಕೂ ಹೆಚ್ಚಾದರೆ ಬೆಳೆಸಾಲವನ್ನು ಅವಧಿ ಸಾಲವಾಗಿ ಬದಲಿಸಿ, ಕನಿಷ್ಠ ಒಂದು ವರ್ಷ ಮೊರಟೋರಿಯಂ ಕೊಡಲು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿ ದಾರಿ ಮಾಡಿತ್ತು. ನಷ್ಟ ಅರ್ಧಕ್ಕಿಂತ ಹೆಚ್ಚಿದ್ದರೆ ಐದು ವರ್ಷದ ತನಕ ಅವಧಿ. ಒಳ್ಳೆಯದೇ. ಆದರೆ ಮಳೆ ಬಾರದ ವರ್ಷದ ಬಡ್ಡಿ ಮಳೆ ಬಂದ ವರ್ಷದ ಬೆಳೆಯಿಂದ ಹೋಗುತ್ತದೆ. 2023ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ರಾಜ್ಯ ಸರ್ಕಾರ, ಸಹಕಾರ ಸಂಘಗಳ ಮಧ್ಯಮಾವಧಿ ಮತ್ತು ದೀರ್ಘಾವಧಿ ಸುಸ್ತಿ ಸಾಲದ ಅಸಲು ಕಟ್ಟಿದರೆ ಬಡ್ಡಿ ಮನ್ನಾ ಎಂದು ಘೋಷಿಸಿತು. ಬಡ್ಡಿಯಲ್ಲೇ ಕುತ್ತಿಗೆ ಸಿಕ್ಕಿಕೊಂಡಿದೆ ಎಂಬುದನ್ನು ಒಪ್ಪಿದ ಕ್ರಮ ಅದು. ಆದರೆ ಬರ ಬಂದ ವರ್ಷ ಅಸಲನ್ನು ಒಟ್ಟಿಗೆ ತಂದು ಕಟ್ಟುವ ಶಕ್ತಿ ಎಷ್ಟು ರೈತರಿಗಿರುತ್ತದೆ? ಘೋಷಣೆಗೆ ಕಾಯಬೇಕಾದ ಉಪಕಾರವಾಗಿ ಇದು ಉಳಿಯಬಾರದು. ಬರ ಘೋಷಣೆಯಾದ ದಿನವೇ ಆ ತಾಲೂಕಿನ ಬೆಳೆಸಾಲದ ಬಡ್ಡಿ ನಿಂತು, ಆ ಹೊರೆ ಬೊಕ್ಕಸಕ್ಕೆ ಹೋಗುವಂತೆ ನಿಯಮವೇ ಆಗಬೇಕು. ವಿದ್ಯಾರ್ಥಿಗೆ ಮಾಡಲು ಸಾಧ್ಯವಾದದ್ದು ರೈತನಿಗೆ ಅಸಾಧ್ಯವಲ್ಲ. ದೀರ್ಘ ಕಾಯಿಲೆಯಲ್ಲಿ ಮಲಗಿ ದುಡಿಮೆ ಕಳೆದುಕೊಂಡ ಮನೆಯ ಯಜಮಾನನ ಸಾಲಕ್ಕೂ ಇದೇ ನ್ಯಾಯ ಬೇಕು. ಕೌಟಿಲ್ಯನ ಪಟ್ಟಿಯಲ್ಲಿ ರೋಗಿಯೂ ಇದ್ದಾನೆ, ನಮ್ಮ ಪಟ್ಟಿಯಲ್ಲಿ ಅವನಿಗೆ ಇನ್ನೂ ಜಾಗವಿಲ್ಲ.

“ಅದೆಲ್ಲ ಆಗೋವಾಗ ಆಗ್ಲಿ ಮೇಷ್ಟ್ರೇ, ಈಗ ನಾನೇನು ಮಾಡ್ಲಿ?”

ಅಕ್ಕನಿಗೆ ಹೇಳಿದ್ದನ್ನೇ ಓದುವವರಿಗೂ ಹೇಳುತ್ತೇನೆ. ಬ್ಯಾಂಕಿನವರು ಮೊರಟೋರಿಯಂ ಎಂದ ಕೂಡಲೇ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಈ ಅವಧಿಯಲ್ಲಿ ಬಡ್ಡಿ ಏರುತ್ತದೆಯೇ, ಏರಿದರೆ ಸರಳವೋ ಚಕ್ರಬಡ್ಡಿಯೋ? ಅವಧಿ ಮುಗಿದ ದಿನ ನನ್ನ ಬಾಕಿ ಎಷ್ಟಿರುತ್ತದೆ? ಆಮೇಲೆ ಕಂತು ಹೆಚ್ಚುತ್ತದೆಯೋ, ಕಂತುಗಳ ಸಂಖ್ಯೆ ಹೆಚ್ಚುತ್ತದೆಯೋ, ಆಯ್ಕೆ ನನ್ನದೋ? ನನಗೆ ಸಿಗಬಹುದಾದ ಬಡ್ಡಿ ಸಹಾಯಧನ ಯಾವುದು?

ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮೊರಟೋರಿಯಂ ನಡುವೆಯೂ ಬಡ್ಡಿಯ ಮಟ್ಟಿಗೆ ಕಟ್ಟುತ್ತಾ ಹೋಗಿ. ಯಾರೂ ಬೇಡ ಎನ್ನುವುದಿಲ್ಲ. ಓದುವಾಗಲೇ ಬಡ್ಡಿ ಕಟ್ಟಿದರೆ ಹಲವು ಬ್ಯಾಂಕುಗಳು ದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ನಿಜವಾಗಿ ಕಷ್ಟದಲ್ಲಿದ್ದರೆ ಮಾತ್ರ ಪೂರ್ತಿ ಮುಂದೂಡಿಕೆ ಪಡೆಯಿರಿ, ಆಗ ನಾಚಿಕೆ ಬೇಡ. ಅಪ್ಪಣೆಯಿಲ್ಲದೆ ಕಂತು ತಪ್ಪಿಸುವುದಕ್ಕಿಂತ ಮೊದಲೇ ಹೋಗಿ ಗಡುವು ಕೇಳುವುದು ಸಾವಿರ ಪಾಲು ಮೇಲು. ಕಂತು ತಪ್ಪಿದ್ದಕ್ಕೆ ದಂಡ ಬಿದ್ದರೂ ಒಂದು ನಿಯಮ ನೆನಪಿರಲಿ. 2023ರ ಆಗಸ್ಟಿನ ರಿಸರ್ವ್ ಬ್ಯಾಂಕ್ ಸೂಚನೆಯ ಪ್ರಕಾರ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವಂತಿಲ್ಲ, ಶುಲ್ಕವಾಗಿ ಮಾತ್ರ ಹಾಕಬೇಕು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ. ಪಾಸ್‌ಬುಕ್ಕಿನಲ್ಲಿ ಹಾಗೆ ಕಂಡರೆ ಮ್ಯಾನೇಜರರಿಗೆ ಲಿಖಿತ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ.

ಮನೆಯಲ್ಲಿ ಸಾಲವಿದ್ದರೆ, ಮಂಜೂರಾತಿ ಪತ್ರವನ್ನು ಇವತ್ತೇ ತೆಗೆದು ಮೊರಟೋರಿಯಂ ಎಂಬ ಪದ ಇರುವ ಪ್ಯಾರಾವನ್ನು ಪೂರ್ತಿ ಓದಿ. ಇಂಗ್ಲಿಷ್ ಓದಲು ಬಾರದವರಿಗೆ ಪಕ್ಕದ ಮನೆಯವರು ಓದಿ ಹೇಳಿ. ಬಡ್ಡಿಯ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ತಿಳಿಯದೆ ಯಾವ ಗಡುವಿಗೂ ಸಹಿ ಹಾಕಬೇಡಿ.